ಬಾಕಿ ಟ್ರೇಯಲ್ಲಿ ಉಳಿದ ಕಾರ್ಡುಗಳು

ಬೆಳಿಗ್ಗೆಯಿಂದ ನಾಲ್ಕು ಗಂಟೆವರೆಗೆ ನಾನು ಗಣಿತದ ಟೀಚರ್. ನಾಲ್ಕೂವರೆಯಿಂದ ಏಳರವರೆಗೆ ಊರಿನ ಸಣ್ಣ ಗ್ರಂಥಾಲಯ ನೋಡಿಕೊಳ್ಳುತ್ತೇನೆ. 18 ವರ್ಷದಿಂದ ಇದೇ ದಿನಚರಿ. ಬೆಳಿಗ್ಗೆ ಬೆಂಚಿನಲ್ಲಿ ಕಂಡ ಮುಖವೇ ಸಂಜೆ ಮೇಜಿನ ಆಚೆ ನಿಂತಿರುತ್ತದೆ. ಹಾಗಿದ್ದೂ ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆ ಜೋಡಿಸಿ ನೋಡಲು ನನಗೆ ಎಷ್ಟೋ ವರ್ಷ ಬೇಕಾಯಿತು. ಅದು ಹೇಗಾಯಿತು ಅಂತ ಬರೆಯುತ್ತೇನೆ. ಶಾಲೆಯ ಲೈಬ್ರರಿ ವಹಿಸಿಕೊಂಡಿರುವ ಬೇರೆ ಶಿಕ್ಷಕರಿಗೂ ಉಪಯೋಗವಾದೀತು.

ನಮ್ಮಲ್ಲಿ ಕಂಪ್ಯೂಟರ್ ಇಲ್ಲ, ಇನ್ನೂ ಬ್ರೌನ್ ಪದ್ಧತಿ. ಪುಸ್ತಕದ ರಟ್ಟಿನ ಒಳಗೆ ಒಂದು ಜೇಬು, ಜೇಬಿನಲ್ಲಿ ಆ ಪುಸ್ತಕದ ಕಾರ್ಡು. ಓದುಗರಿಗೆ ಲಕೋಟೆಯಂಥ ಒಂದು ಟಿಕೆಟ್ಟು. ಪುಸ್ತಕ ಕೊಡುವಾಗ ಕಾರ್ಡನ್ನು ತೆಗೆದು ಅವರ ಟಿಕೆಟ್ಟಿನೊಳಗೆ ಸೇರಿಸಿ, ವಾಪಸು ಕೊಡಬೇಕಾದ ತಾರೀಖಿನ ಹಿಂದೆ ಟ್ರೇಯಲ್ಲಿ ನಿಲ್ಲಿಸುತ್ತೇವೆ. ಅದೇ ತಾರೀಖಿನ ಮೊಹರು ಪುಸ್ತಕದೊಳಗಿನ ಚೀಟಿಗೂ ಬೀಳುತ್ತದೆ. ನೀನಾ ಬ್ರೌನ್ ಎಂಬ ಅಮೆರಿಕದ ಗ್ರಂಥಪಾಲಕಿ 1895ರಲ್ಲಿ ಇದನ್ನು ರೂಪಿಸಿದರು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ನನಗಂತೂ ಬಹಳ ಇಷ್ಟದ ಪದ್ಧತಿ. ಗಡುವು ದಾಟಿದ ಕಾರ್ಡುಗಳನ್ನು ತಿಂಗಳಿಗೊಮ್ಮೆ ತೆಗೆದು ಟ್ರೇಯ ಹಿಂಬದಿಗೆ ಹಾಕುತ್ತಿದ್ದೆ. ಅದಕ್ಕೆ 'ಬಾಕಿ' ಅಂತ ಚೀಟಿ ಅಂಟಿಸಿದ್ದೆ. ದಿನಕ್ಕಿಷ್ಟು ಅಂತ ದಂಡ ಲೆಕ್ಕ ಹಾಕಿ ಮನೆಗೆ ನೆನಪೋಲೆ ಕಳಿಸುವುದು ಕ್ರಮ. ಒಂದು ತಿಂಗಳೂ ತಪ್ಪಿಸಿದವಳಲ್ಲ. ಅದೇ ಶಿಸ್ತು ಅಂತ ನಂಬಿದ್ದೆ.

ಆರನೇ ತರಗತಿಯ ಒಬ್ಬಳು ಹುಡುಗಿ ವಾರಕ್ಕೆ ಎರಡು ಪುಸ್ತಕ ಮುಗಿಸುತ್ತಿದ್ದಳು. ನಕ್ಷತ್ರ, ಗ್ರಹ, ಧೂಮಕೇತು ಅಂದರೆ ಪ್ರಾಣ. ಖಗೋಳದ ಪುಸ್ತಕಗಳಿರುವ 520ರ ರ‍್ಯಾಕಿನ ಕೆಳಗಿನ ಸಾಲಿನ ಮುಂದೆ ನೆಲದ ಮೇಲೇ ಕೂತುಬಿಡುತ್ತಿದ್ದಳು. ಒಂದು ಮಳೆಗಾಲದಲ್ಲಿ ಬರುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಕೆಲಸ ಇರಬಹುದು, ಓದುವ ಹುಚ್ಚು ಬಿಟ್ಟಿರಬಹುದು ಅಂದುಕೊಂಡು ಸುಮ್ಮನಾದೆ. ಕ್ಲಾಸಿನಲ್ಲಿ ದಿನಾ ಕಣ್ಣೆದುರೇ ಇದ್ದವಳನ್ನು ಕರೆದು ಕೇಳಲಿಲ್ಲ.

ಸುಮಾರು ಮೂರು ತಿಂಗಳಾದ ಮೇಲೆ ನೋಟ್‌ಬುಕ್ ತಿದ್ದುತ್ತಿದ್ದಾಗ ಅವಳ ರಫ್ ಪುಸ್ತಕದ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ಮೇಲಿಂದ ಕೆಳಗೆ ಗುಣಾಕಾರವೋ ಗುಣಾಕಾರ. ಪ್ರತಿ ಲೆಕ್ಕದಲ್ಲೂ ಒಂದು ಸಂಖ್ಯೆ ಅದೇ, ಇನ್ನೊಂದು ದಿನಕ್ಕೆ ಒಂದೊಂದು ಹೆಚ್ಚುತ್ತಾ ಹೋಗಿದೆ. ಹಳೆಯ ಉತ್ತರವನ್ನು ನೀಟಾಗಿ ಹೊಡೆದು ಹಾಕಿ ಕೆಳಗೆ ಹೊಸದನ್ನು ಬರೆದಿದ್ದಾಳೆ. ಒಂದೂ ತಪ್ಪಿಲ್ಲ. ಅವು ನಾನು ಕೊಟ್ಟ ಲೆಕ್ಕಗಳಲ್ಲ. ಅದು ನನ್ನ ದಂಡ.

ಪಕ್ಕಕ್ಕೆ ಕರೆದು ಕೇಳಿದೆ. ಬ್ಯಾಗಿನ ತಳದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪುಸ್ತಕ ತೆಗೆದಳು. ಸೂರು ಸೋರಿ ನೆಂದಿತ್ತಂತೆ. ಬಿಸಿಲಿಗೆ ಇಟ್ಟು ಒಣಗಿಸಿದ್ದಾಳೆ, ಹಾಳೆಗಳೆಲ್ಲ ಅಲೆಅಲೆಯಾಗಿ ಉಬ್ಬಿ ರಟ್ಟು ಮುಚ್ಚುತ್ತಿಲ್ಲ. ಅಮ್ಮನಿಗೆ ಕಾಣಬಾರದು ಅಂತ ಅಷ್ಟೂ ದಿನ ಶಾಲೆಗೂ ಮನೆಗೂ ಹೊತ್ತುಕೊಂಡೇ ಓಡಾಡಿದ್ದಾಳೆ. "ನಾಳೆ ಕೊಡೋಣ ನಾಳೆ ಕೊಡೋಣ ಅಂತಿದ್ದೆ ಟೀಚರ್, ಅಷ್ಟರಲ್ಲಿ ಇನ್ನೂ ಜಾಸ್ತಿ ಆಗಿಬಿಡ್ತಿತ್ತು" ಅಂದಳು.

ಅವತ್ತು ಸಂಜೆ ಅವಳನ್ನು ಕೂರಿಸಿಕೊಂಡು, ನೆಂದ ಪುಸ್ತಕವನ್ನು ಏನು ಮಾಡಬೇಕು ಅಂತ ತೋರಿಸಿಕೊಟ್ಟೆ. ಇದು ಪ್ರತಿ ಓದುಗರಿಗೂ ಗೊತ್ತಿರಬೇಕು, ನಾವು ಮೊದಲೇ ಹೇಳಿಕೊಡುವುದಿಲ್ಲ. ಬಿಸಿಲಿಗೆ ಇಡಬಾರದು, ಕಾಗದ ಸೊಟ್ಟಗಾಗುತ್ತದೆ. ತೀರಾ ತೊಯ್ದು ತೊಟ್ಟಿಕ್ಕುವ ಪುಸ್ತಕವನ್ನು ಎಳೆದು ಬಿಡಿಸಲು ಹೋಗದೆ ಮೊದಲು ಮಲಗಿಸಿ ನೀರು ಇಳಿಯಲು ಬಿಡಬೇಕು. ಆಮೇಲೆ ಹತ್ತಿಪ್ಪತ್ತು ಹಾಳೆಗೊಂದರಂತೆ ನೀರು ಹೀರುವ, ಅಚ್ಚಿಲ್ಲದ ಕಾಗದ ಇಟ್ಟು, ಅದು ತೇವವಾದ ಹಾಗೆಲ್ಲ ಬದಲಿಸಬೇಕು. ತೇವ ಕಡಿಮೆಯಾದ ಮೇಲೆ ನಿಲ್ಲಿಸಿ, ಹಾಳೆ ಬೀಸಣಿಗೆಯಂತೆ ಬಿಡಿಸಿ, ಕೋಣೆಯಲ್ಲಿ ಗಾಳಿಯಾಡುವಂತೆ ಫ್ಯಾನ್ ಹಾಕಬೇಕು. ಪೂರ್ತಿ ಒಣಗುವ ಸ್ವಲ್ಪ ಮುಂಚೆ ಮಲಗಿಸಿ ಮೇಲೆ ಭಾರ ಹೇರಿದರೆ ಉಬ್ಬು ಎಷ್ಟೋ ಇಳಿಯುತ್ತದೆ. ಎರಡು ದಿನ ತಡವಾದರೆ ಬೂಷ್ಟು ಹಿಡಿಯಲು ಶುರು. ಬಣ್ಣದ ಚಿತ್ರಗಳಿರುವ ನುಣುಪು ಕಾಗದವಾದರೆ ಅಷ್ಟೂ ಸಮಯವಿಲ್ಲ, ಒಣಗುತ್ತಲೇ ಒಂದಕ್ಕೊಂದು ಅಂಟಿಕೊಂಡುಬಿಡುತ್ತದೆ. ಮೊದಲ ದಿನವೇ ಅವಳು ಹೆದರದೆ ತಂದಿದ್ದರೆ ಪುಸ್ತಕ ಹೆಚ್ಚುಕಮ್ಮಿ ಮೊದಲಿನಂತೆಯೇ ಉಳಿಯುತ್ತಿತ್ತು. ಪುಸ್ತಕ ಹಾಳಾದದ್ದಕ್ಕೆ ಮಳೆಗಿಂತ ನನ್ನ ನೆನಪೋಲೆಗಳೇ ಹೆಚ್ಚು ಕಾರಣ.

ಅವಳು ಹೋದ ಮೇಲೆ 'ಬಾಕಿ'ಯ 41 ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿದೆ. ಪುಸ್ತಕದ ಹೆಸರು ಬಿಟ್ಟು ಟಿಕೆಟ್ಟಿನ ಮೇಲಿನ ಹೆಸರುಗಳನ್ನು ಮಾತ್ರ ಓದುತ್ತಾ ಹೋದೆ. ಮುಕ್ಕಾಲು ಪಾಲು ನನ್ನದೇ ಶಾಲೆಯ ಮಕ್ಕಳು. ಆ ಕಾರ್ಡು ಹಿಂದಕ್ಕೆ ಹೋದ ಮೇಲೆ ಒಬ್ಬರೂ ಒಳಗೆ ಕಾಲಿಟ್ಟಿಲ್ಲ. ಅಷ್ಟು ವರ್ಷ ಅದನ್ನು ಬಾರದ ಪುಸ್ತಕಗಳ ಪಟ್ಟಿ ಅಂದುಕೊಂಡಿದ್ದೆ. ಅದು ಬಾರದ ಮಕ್ಕಳ ಪಟ್ಟಿಯಾಗಿತ್ತು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಕೂಡ ಮೊದಲು ಗಣಿತದ ಮೇಷ್ಟ್ರೇ. ಮಂಗಳೂರು, ಕೊಯಮತ್ತೂರು, ಮದ್ರಾಸಿನ ಕಾಲೇಜುಗಳಲ್ಲಿ ಪಾಠ ಮಾಡಿ, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಜನರಿಲ್ಲದ ಆ ಕೆಲಸ ಬೇಸರವಾಗಿ ತರಗತಿಗೇ ವಾಪಸು ಹೋಗುತ್ತೇನೆ ಅಂದಿದ್ದವರು, ಇಂಗ್ಲೆಂಡಿನ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೆ ಮನಸ್ಸು ಬದಲಿಸಿದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ. ಅದನ್ನು ವಿವರಿಸುವಾಗ ಅವರು ಹಿಂದಿನ ಕಾಲದ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಕಟ್ಟುತ್ತಿದ್ದುದನ್ನು ನೆನೆಯುತ್ತಾರೆ. ತರಬೇತಿಯಲ್ಲಿ ಓದಿ ಅಂಕ ತೆಗೆದುಕೊಂಡಿದ್ದ ಸೂತ್ರ ಅದು. ನನ್ನ ದಂಡದ ಪುಸ್ತಕವೂ ಒಂದು ಸರಪಳಿ ಅಂತ ಅವತ್ತು ಅನ್ನಿಸಿತು.

ತಡದ ದಂಡ ತೆಗೆಯೋಣ ಅಂತ ಗ್ರಂಥಾಲಯ ಸಮಿತಿಯ ಮುಂದೆ ಇಟ್ಟಾಗ ಹಿರಿಯರೊಬ್ಬರು, "ದಂಡ ಇಲ್ಲ ಅಂದ್ರೆ ಯಾರು ತಂದುಕೊಡ್ತಾರೆ ಮೇಡಂ?" ಅಂದರು. ನ್ಯಾಯವಾದ ಪ್ರಶ್ನೆ. ಚಿಕಾಗೋ ನಗರದ ಸಾರ್ವಜನಿಕ ಗ್ರಂಥಾಲಯ 2019ರ ಅಕ್ಟೋಬರಿನಲ್ಲಿ ತಡದ ದಂಡ ತೆಗೆದ ಮೇಲೆ ಹಳೆಯ ಪುಸ್ತಕಗಳು ವಾಪಸು ಬರುವುದು ಹೆಚ್ಚಾಯಿತು ಅಂತ ಅವರಿಗೆ ಹೇಳಿದೆ. ಒಂದು ವರ್ಷ ನೋಡೋಣ ಅಂತ ಒಪ್ಪಿದರು. ಕಳೆದು ಹೋದರೆ ಬದಲಿ ಪುಸ್ತಕ ಕೊಡಬೇಕು, ತಡವಾದರೆ ಏನೂ ಇಲ್ಲ. ನೆನಪೋಲೆಯಲ್ಲಿ ಹಣದ ಮಾತು ತೆಗೆದು, 'ಪುಸ್ತಕ ಯಾವ ಸ್ಥಿತಿಯಲ್ಲಿದ್ದರೂ ತನ್ನಿ, ಬನ್ನಿ' ಅಂತ ಬರೆದೆ. ಓಲೆಗಷ್ಟೇ ಬಿಡದೆ ವಾರಕ್ಕೆ ಎರಡು ಮೂರು ಮನೆಗೆ ನಾನೇ ಹೋಗತೊಡಗಿದೆ.

ಒಂದು ಮನೆಯಲ್ಲಿ ಮಗ ತಂದಿದ್ದ ಕಥೆಪುಸ್ತಕ ತಾಯಿಯ ಕೈಯಲ್ಲಿತ್ತು. ಸಾಲಿನ ಕೆಳಗೆ ಬೆರಳಿಟ್ಟುಕೊಂಡೇ ಬಾಗಿಲಿಗೆ ಬಂದರು. ಚಿಕ್ಕಂದಿನಲ್ಲಿ ಎರಡನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರಂತೆ. ಮಗ ಕಲಿಯುವುದನ್ನು ನೋಡಿ ತಾವೂ ಅಕ್ಷರ ಕೂಡಿಸುತ್ತಿದ್ದರು, ದಿನಕ್ಕೆ ನಾಲ್ಕೈದು ಸಾಲು. "ಇನ್ನೂ ಅರ್ಧಾನೂ ಆಗಿಲ್ಲ ಮೇಡಂ, ಇನ್ನೊಂದ್ ಸ್ವಲ್ಪ ದಿನ ಇರಲಿ" ಅಂತ ಸಂಕೋಚದಿಂದ ಕೇಳಿದರು. ಪುಸ್ತಕ ಅಲ್ಲೇ ಬಿಟ್ಟು ಬಂದು, ಮಗನ ಕಾರ್ಡನ್ನು ಬಾಕಿಯಿಂದ ತೆಗೆದೆ. ಅವರ ಹೆಸರಲ್ಲೇ ಹೊಸ ಟಿಕೆಟ್ಟು ಬರೆದು ಅದರೊಳಗೆ ಹಾಕಿದೆ. ಅವರ ಮೊದಲ ಸಹಿ ಇರುವ ಅರ್ಜಿ ನಮ್ಮ ಫೈಲಿನಲ್ಲಿದೆ.

ಎಲ್ಲವೂ ಬಂದಿಲ್ಲ. ಎರಡು ಕುಟುಂಬ ಊರು ಬಿಟ್ಟಿವೆ, ಶಾಲೆಯಿಂದ ಟಿಸಿ ತೆಗೆದುಕೊಂಡು ಹೋದದ್ದು ನನಗೇ ಗೊತ್ತು. ಒಬ್ಬ ಹುಡುಗ ಈಗಲೂ ನನ್ನನ್ನು ಕಂಡರೆ ಪಕ್ಕದ ದಾರಿ ಹಿಡಿಯುತ್ತಾನೆ. ಉಬ್ಬಿದ ಆ ನಕ್ಷತ್ರದ ಪುಸ್ತಕ 520ರ ಸಾಲಿನಲ್ಲೇ ಇದೆ, ಪಕ್ಕದವನ್ನು ಸ್ವಲ್ಪ ತಳ್ಳಿ ಕೂತಿದೆ. ಹುಡುಗಿ ಈಗ ಹೈಸ್ಕೂಲು. ಸಂಜೆ ಬಂದಾಗ ಮೊಹರು ಹೊಡೆಯುವ ಕೆಲಸ ಅವಳೇ ಕೇಳಿ ಮಾಡುತ್ತಾಳೆ.

ಟ್ರೇಯ ಹಿಂದೆ ಇನ್ನು 9 ಕಾರ್ಡು ಇವೆ. ಈ ಶನಿವಾರ ಮಧ್ಯಾಹ್ನ ಮೂರು ಮನೆಗೆ ಹೋಗಬೇಕು.