ಗಾಣದೆಣ್ಣೆಗೆ ಮುಖಪುಟ ಬರೆದ ದಿನ

ತಿಪಟೂರು ಕಡೆಯ ಕೊಬ್ಬರಿ ಎಣ್ಣೆ ಅಂಗಡಿಯೊಂದರ ವೆಬ್‌ಸೈಟಿಗೆ ಮುಖಪುಟ ಬರೆಯುವ ಕೆಲಸ. ಬೆಳಿಗ್ಗೆ ಮೊದಲು ಕೇಳಿ ಪಡೆದದ್ದು ಅಂಗಡಿಯ ಫೋನು. ಗಿರಾಕಿಗಳ ವಾಟ್ಸಾಪ್ ಮೆಸೇಜುಗಳಿಂದ ಪ್ರಶ್ನೆಗಳನ್ನಷ್ಟೇ ಹಾಳೆಗೆ ಇಳಿಸಿದ್ದಾಯಿತು. "ಲೀಟರಿಗೆ ಎಷ್ಟು?" "ಬಾಟಲಿ ಗಾಜಿಂದಾ, ಪ್ಲಾಸ್ಟಿಕ್ಕಾ?" ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು: "ಎಣ್ಣೆ ಗಟ್ಟಿಯಾಗಿದೆ, ಮೇಣಗೀಣ ಬೆರೆಸಿದ್ದೀರಾ?"

ಹಳೆಯ ಪುಟದಲ್ಲಿದ್ದದ್ದು 'ಸುಸ್ವಾಗತ', ತಾವಾಗಿ ಸರಿಯುವ ಐದು ಚಿತ್ರ, 'ಗುಣಮಟ್ಟವೇ ನಮ್ಮ ಧ್ಯೇಯ'. ಆ ಮಾತನ್ನು ಸಿಮೆಂಟ್ ಅಂಗಡಿಗೂ ಅಂಟಿಸಬಹುದು. ಅದನ್ನು ತೆಗೆದು, "ಮರದ ಗಾಣದಲ್ಲಿ ತೆಗೆದ ಕೊಬ್ಬರಿ ಎಣ್ಣೆ. ಅರ್ಧ, ಒಂದು, ಐದು ಲೀಟರ್. ಕೊರಿಯರ್ ಉಂಟು" ಎಂದು ಹಾಕಿದೆವು. ಕೆಳಗೆ ಬೆಲೆ, ವಾಟ್ಸಾಪ್‌ನಲ್ಲಿ ಆರ್ಡರ್ ಕಳಿಸುವ ಒಂದೇ ಬಟನ್. ಕೊಬ್ಬರಿ ದರ ಏರಿಳಿಯುತ್ತದೆಂದು ಬೆಲೆ ಬರೆಯಲು ಮಾಲೀಕರು ಹಿಂಜರಿಯುವುದು ಸಹಜ. ತಾರೀಕು ಸಮೇತ ಬರೆದರಾಯಿತು; ಆದರೆ ದರ ಬದಲಿಸುವ ಕೆಲಸ ಅಂಗಡಿಯವರ ಮೊಬೈಲಿನಿಂದಲೇ ಆಗಬೇಕು. ತಿಂಗಳ ಹಿಂದಿನ ತಾರೀಕು ಕಂಡರೆ ಜನ ಅಂಗಡಿ ಮುಚ್ಚಿದೆ ಅಂದುಕೊಳ್ಳುತ್ತಾರೆ. ತೂಕವನ್ನೂ ಕೊಡಿ: ಒಂದು ಲೀಟರ್ ಎಣ್ಣೆ ಸುಮಾರು 920 ಗ್ರಾಂ. ಕೆಜಿ ಲೆಕ್ಕದಲ್ಲಿ ಮಾರುವವರ ಬೆಲೆಯ ಜೊತೆ ಹೋಲಿಸುವಾಗ ಇಲ್ಲೇ ಎಡವಟ್ಟಾಗುವುದು.

ಪುಟದ ನಡುಭಾಗವನ್ನೆಲ್ಲ ಗಟ್ಟಿ ಎಣ್ಣೆಗೇ ಬಿಟ್ಟೆವು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಂಗಳೂರಲ್ಲಿ ಇದು ದಿನದ ಮಾತು. ಒಂದೇ ಬಾಟಲಿಯ ಎರಡು ಫೋಟೊ: ಮಧ್ಯಾಹ್ನ ತಿಳಿಯಾಗಿದ್ದದ್ದು, ಬೆಳಗಿನ ಜಾವ ಬೆಳ್ಳಗಾದದ್ದು. ಅಡಿಯಲ್ಲಿ ಒಂದು ಸಾಲು: "ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿಡಿ, ಕರಗುತ್ತದೆ." ಫೋಟೊಗಳು ಕ್ಯಾಮೆರಾದಿಂದ 5 ಎಂಬಿ ಬಂದಿದ್ದವು, 1600 ಪಿಕ್ಸೆಲ್ ಅಗಲಕ್ಕಿಳಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಎಂಬ ಚಿತ್ರ ರೂಪಕ್ಕೆ ಬದಲಿಸಿ 150 ಕೆಬಿಗೆ ತಂದೆವು. ಪುಟ ತೆರೆದಾಗ ಪರದೆಯ ಮೇಲಿನ ಅತಿ ದೊಡ್ಡ ಚಿತ್ರ ಅಥವಾ ಬರಹ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್‌ನ ಅಳತೆ.

ಮಧ್ಯಾಹ್ನವನ್ನೆಲ್ಲ ತಿಂದದ್ದು ಕನ್ನಡದ ಅಕ್ಷರ. ಅಂಗಡಿಯ ಪರಿಚಯ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲಿನಲ್ಲಿತ್ತು. ಹಾಗೇ ಅಂಟಿಸಿದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ, ಅರ್ಕಾವತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಲೇಬೇಕು. ಟೆಂಪ್ಲೇಟಿನ ಸಾಲಂತರ 1.2, 'ಎಣ್ಣೆ'ಯ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತಿತ್ತು. 1.6 ಮಾಡಿದ ಮೇಲೆ ಬಿಡಿಸಿಕೊಂಡಿತು. ಶೀರ್ಷಿಕೆಯನ್ನು ಚಿತ್ರವಾಗಿ ಹಾಕುವ ಅಡ್ಡದಾರಿ ಬೇಡ, ಹುಡುಕಾಟದಲ್ಲಿ ಅದು ಸಿಗುವುದು ಕಷ್ಟ.

ಪುಟದ ತಳದಲ್ಲಿ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸ್ ಸಂಖ್ಯೆ. ಕೊನೆಗೆ ಬಟನ್ ಒತ್ತಿ ನೋಡಿದರೆ ವಾಟ್ಸಾಪ್ ನಂಬರೇ ಸರಿಯಿಲ್ಲ ಅನ್ನುತ್ತಿದೆ: ನಂಬರಿನ ಮುಂದೆ ಸೊನ್ನೆ ಕೂತಿತ್ತು. ಲಿಂಕಿನಲ್ಲಿ ಸೊನ್ನೆಯೂ ಬೇಡ, ಕೂಡಿಸುವ ಚಿಹ್ನೆಯೂ ಬೇಡ. 91, ನಂತರ ಹತ್ತು ಅಂಕಿ. ಜೊತೆಗೆ "ಕೊಬ್ಬರಿ ಎಣ್ಣೆ ಬೇಕು. ಎಷ್ಟು ಲೀಟರ್: ಪಿನ್‌ಕೋಡ್:" ಎಂಬ ಮೆಸೇಜನ್ನು ಮೊದಲೇ ತುಂಬಿಸಿಟ್ಟೆವು.