ಖಾಲಿ ಡಿಸ್ಕ್ ಪಟ್ಟಿ: ವಿಂಡೋಸ್ ಮತ್ತೆ ಹಾಕುವಾಗ ಎಡವಿಸುವ ಸ್ಟೋರೇಜ್ ಡ್ರೈವರ್

ಲ್ಯಾಪ್‌ಟಾಪ್ ಸರ್ವಿಸ್ ಕೆಲಸದಲ್ಲಿರುವ ನನ್ನಂಥವರ ಮೇಜಿಗೆ ಕೆಲವು ವರ್ಷಗಳಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತಿದೆ. ಪೆನ್‌ಡ್ರೈವ್‌ನಿಂದ ವಿಂಡೋಸ್ ಸೆಟಪ್ ಸರಿಯಾಗಿಯೇ ಶುರುವಾಗುತ್ತದೆ, ಭಾಷೆ ಕೇಳುತ್ತದೆ, ಷರತ್ತುಗಳಿಗೆ ಒಪ್ಪಿಗೆ ಪಡೆಯುತ್ತದೆ, ಆದರೆ ಯಾವ ಡಿಸ್ಕಿನಲ್ಲಿ ಹಾಕಬೇಕು ಎಂದು ಕೇಳುವ ಪರದೆಗೆ ಬಂದಾಗ ಪಟ್ಟಿ ಖಾಲಿಯಾಗಿರುತ್ತದೆ. ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ (ಡಿಸ್ಕನ್ನು ವಿಂಡೋಸ್ ಗುರುತಿಸುವಂತೆ ಮಾಡುವ ತಂತ್ರಾಂಶ) ಬೇಕಿದ್ದರೆ ಲೋಡ್ ಡ್ರೈವರ್ ಒತ್ತಿ ಎಂಬ ಸೂಚನೆ ಕೆಳಗಿರುತ್ತದೆ. ಇದನ್ನು ಕಂಡ ಬಹಳಷ್ಟು ಜನ ಎಸ್‌ಎಸ್‌ಡಿ, ಅಂದರೆ ಡೇಟಾ ಇಡುವ ಡಿಸ್ಕ್, ಕೆಟ್ಟುಹೋಗಿದೆ ಎಂದೇ ತೀರ್ಮಾನಿಸುತ್ತಾರೆ. ಬೇರೆ ಕಡೆ ಹಾಗೆಂದು ಹೇಳಿಸಿಕೊಂಡು, ಹೊಸ ಎಸ್‌ಎಸ್‌ಡಿಯನ್ನೂ ಕೊಂಡು ತಂದವರಿದ್ದಾರೆ. ಆ ಹೊಸದನ್ನು ಕೂರಿಸಿದರೂ ಪಟ್ಟಿ ಖಾಲಿಯೇ ಇರುತ್ತದೆ, ಏಕೆಂದರೆ ತೊಂದರೆ ಎಸ್‌ಎಸ್‌ಡಿಯಲ್ಲಿ ಇರುವುದೇ ಇಲ್ಲ.

ಇಂಟೆಲ್‌ನ 11ನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 2020ರಲ್ಲಿ ಬಂದವು. ಅವುಗಳ ಜೊತೆಗೆ, ಅಲ್ಲಿಯವರೆಗೆ ಸರ್ವರ್‌ಗಳಲ್ಲಿದ್ದ ವಿಎಂಡಿ, ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್ ಎಂಬ ವ್ಯವಸ್ಥೆ ಲ್ಯಾಪ್‌ಟಾಪ್‌ಗೂ ಬಂತು. ವಿಎಂಡಿ ಚಾಲೂ ಇರುವ ಯಂತ್ರದಲ್ಲಿ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ನೇರವಾಗಿ ಪಿಸಿಐ ಎಕ್ಸ್‌ಪ್ರೆಸ್ ಎಂಬ ಸಂಪರ್ಕ ಸಾಲಿನಲ್ಲಿ ಕಾಣಿಸುವುದಿಲ್ಲ. ಅದು ವಿಎಂಡಿ ಕಂಟ್ರೋಲರ್‌ನ ಹಿಂದೆ ಮರೆಯಾಗಿರುತ್ತದೆ ಮತ್ತು ಆಪರೇಟಿಂಗ್ ಸಿಸ್ಟಮ್‌ಗೆ ಕಾಣುವುದು ಆ ಕಂಟ್ರೋಲರ್ ಮಾತ್ರ. ಎನ್‌ವಿಎಂಇ ಎಸ್‌ಎಸ್‌ಡಿಯನ್ನು ನಡೆಸುವ ಡ್ರೈವರ್ ವಿಂಡೋಸ್ 8.1ರ ಕಾಲದಿಂದಲೂ ಸೆಟಪ್‌ನಲ್ಲಿಯೇ ಇದ್ದರೂ, ವಿಎಂಡಿಯ ಡ್ರೈವರ್ ಲೋಡ್ ಆಗದ ಹೊರತು ಅದಕ್ಕೆ ಮಾಡಲು ಕೆಲಸವೇ ಸಿಗುವುದಿಲ್ಲ. ಕಾರ್ಖಾನೆಯಿಂದ ಬಂದ ವಿಂಡೋಸ್‌ನಲ್ಲಿ ಆ ಡ್ರೈವರ್ ಮೊದಲೇ ಸೇರಿರುವುದರಿಂದ, ಕೊಂಡ ದಿನದಿಂದ ಫಾರ್ಮ್ಯಾಟ್ ಮಾಡುವ ದಿನದವರೆಗೆ ಇಂಥದ್ದೊಂದು ಇದೆ ಎಂಬುದು ಬಳಕೆದಾರರ ಅರಿವಿಗೆ ಬರುವುದಿಲ್ಲ.

ಆದ್ದರಿಂದ ಸ್ಕ್ರೂ ಬಿಚ್ಚುವ ಮೊದಲು ನಾನು ಬಯೋಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಯಂತ್ರದ ಸೆಟ್ಟಿಂಗ್ ಪುಟಗಳಿಗೆ, ಹೋಗಿ ನೋಡುತ್ತೇನೆ. ಸ್ಟೋರೇಜ್ ಮಾಹಿತಿಯಲ್ಲಾಗಲಿ, ವಿಎಂಡಿ ಅಥವಾ ರ‍್ಯಾಪಿಡ್ ಸ್ಟೋರೇಜ್ ಎಂಬ ಪ್ರತ್ಯೇಕ ಪುಟದಲ್ಲಾಗಲಿ ಎಸ್‌ಎಸ್‌ಡಿಯ ಮಾದರಿಯ ಹೆಸರು ಮತ್ತು ಗಾತ್ರ ಕಂಡುಬಂದರೆ ಎಸ್‌ಎಸ್‌ಡಿ ಯಂತ್ರಕ್ಕೆ ಓಗೊಡುತ್ತಿದೆ ಎಂದರ್ಥ. ಎರಡೂ ಕಡೆ ಕಾಣದಿದ್ದಾಗ ಮಾತ್ರ ಬಿಚ್ಚಿ, ಅದನ್ನು ಮತ್ತೆ ಕೂರಿಸಿ, ಬೇರೆ ಯಂತ್ರದಲ್ಲಿ ಪರೀಕ್ಷಿಸುವ ಮಾತು ಬರುತ್ತದೆ. ಸೆಟಪ್ ನಡೆಯುತ್ತಿರುವಾಗ ಶಿಫ್ಟ್ ಮತ್ತು ಎಫ್10 ಕೀಗಳನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ನಡೆಸಿ ಡಿಸ್ಕ್‌ಗಳ ಪಟ್ಟಿ ಕೇಳುವುದೂ ಉಂಟು. ಬಯೋಸ್‌ನಲ್ಲಿ ಎಸ್‌ಎಸ್‌ಡಿ ಇದ್ದು, ಇಲ್ಲಿ ನಮ್ಮ ಪೆನ್‌ಡ್ರೈವ್ ಒಂದೇ ಕಂಡರೆ, ಕಾಣೆಯಾಗಿರುವುದು ಡ್ರೈವರ್ ಎಂದು ಬಹುಮಟ್ಟಿಗೆ ಖಚಿತವಾದಂತೆ.

ಇದನ್ನೇ ಹೋಲುವ ಇನ್ನೊಂದು ಸಂದೇಶವನ್ನು ಇದರ ಜೊತೆ ಬೆರೆಸಬಾರದು. ಡಿಸ್ಕ್ ಆಯ್ಕೆಯ ಪರದೆಗೆ ಬರುವ ಮೊದಲೇ, ಯಂತ್ರಕ್ಕೆ ಬೇಕಾದ ಮೀಡಿಯಾ ಡ್ರೈವರ್ ಇಲ್ಲ ಎಂದು ಸೆಟಪ್ ನಿಂತುಬಿಟ್ಟರೆ, ಅದು ಓದಲಾಗದೆ ಒದ್ದಾಡುತ್ತಿರುವುದು ಎಸ್‌ಎಸ್‌ಡಿಯನ್ನಲ್ಲ, ಪೆನ್‌ಡ್ರೈವನ್ನು. ಅಲ್ಲಿ ವಿಎಂಡಿ ಡ್ರೈವರ್ ಹುಡುಕುತ್ತಾ ಕುಳಿತರೆ ಸಮಯ ವ್ಯರ್ಥ. ಪೋರ್ಟ್ ಬದಲಿಸುವುದು ಅಥವಾ ವಿಂಡೋಸ್ ಸೆಟಪ್‌ನ ಐಎಸ್‌ಒ ಫೈಲನ್ನು ಹೊಸದಾಗಿ ಇಳಿಸಿಕೊಂಡು ಪೆನ್‌ಡ್ರೈವ್ ಮತ್ತೆ ತಯಾರಿಸುವುದು ಸಾಮಾನ್ಯವಾಗಿ ಸಾಕಾಗುತ್ತದೆ.

ಡ್ರೈವರ್ ಹಾಕುವ ಕ್ರಮ ಸುಲಭವಾದರೂ ಮೂರು ಕಡೆ ಜನ ಸಿಕ್ಕಿಬೀಳುವುದನ್ನು ನೋಡಿದ್ದೇನೆ. ಮೊದಲನೆಯದು, ವಿಎಂಡಿಯ ಡ್ರೈವರ್ ಅಂದರೆ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿಯ ಡ್ರೈವರ್ ಇಳಿಸಿಕೊಂಡಾಗ ಸಿಗುವುದು ಒಂದು ಇಎಕ್ಸ್‌ಇ ಫೈಲ್. ಅದನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿದರೆ ಸೆಟಪ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಅದು ಹುಡುಕುವುದು ಡ್ರೈವರ್‌ನ ವಿವರವಿರುವ ಐಎನ್‌ಎಫ್ ಫೈಲನ್ನು. ಇನ್ನೊಂದು ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಆ ಇಎಕ್ಸ್‌ಇಯನ್ನು ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್ ಎಂಬ ಸ್ವಿಚ್ ಮತ್ತು ಒಂದು ಫೋಲ್ಡರಿನ ಹೆಸರಿನೊಂದಿಗೆ ನಡೆಸಿದರೆ ಒಳಗಿನ ಫೈಲುಗಳು ಬಿಚ್ಚಿಕೊಳ್ಳುತ್ತವೆ. ಎರಡನೆಯದು, ಎಲ್ಲಕ್ಕಿಂತ ಹೊಸ ಆವೃತ್ತಿಯೇ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. 20ನೇ ಸರಣಿಯ ಡ್ರೈವರ್ 12ನೇ ಪೀಳಿಗೆಯಿಂದ ಮುಂದಿನ ಪ್ರೊಸೆಸರ್‌ಗಳಿಗೆ ಇರುವಂಥದ್ದು, 11ನೇ ಪೀಳಿಗೆಯ ಯಂತ್ರಕ್ಕೆ 19ನೇ ಸರಣಿಗೇ ಹೋಗಬೇಕು. ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟದಲ್ಲಿ ಆ ಮಾದರಿಗೇ ಕೊಟ್ಟಿರುವ ಡ್ರೈವರ್ ಇದ್ದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಮೂರನೆಯದು ಆಯ್ಕೆಯದು. ಲೋಡ್ ಡ್ರೈವರ್ ಒತ್ತಿ ಫೋಲ್ಡರ್ ತೋರಿಸಿದಾಗ, ಈ ಯಂತ್ರಕ್ಕೆ ಹೊಂದದ ಡ್ರೈವರ್‌ಗಳನ್ನು ಮರೆಮಾಡು ಎಂಬ ಗುರುತು ಇರಲಿ. ಪಟ್ಟಿ ಬರಲಿಲ್ಲವೆಂದು ಕೆಲವರು ಅದನ್ನು ತೆಗೆದು, ಕಂಡದ್ದನ್ನೆಲ್ಲ ಹಾಕಲು ಹೊರಡುತ್ತಾರೆ. ಪಟ್ಟಿ ಬಾರದಿರುವುದೇ ಫೋಲ್ಡರೋ ಆವೃತ್ತಿಯೋ ತಪ್ಪಿದೆ ಎಂಬ ಸುಳಿವು. ಸರಿಯಾದ ಫೋಲ್ಡರ್ ತೋರಿಸಿದರೆ ವಿಎಂಡಿ ಕಂಟ್ರೋಲರ್ ಎಂಬ ಹೆಸರು ಒಂದು ಸಂಕೇತದೊಂದಿಗೆ ಬರುತ್ತದೆ: 11ನೇ ಪೀಳಿಗೆಯಲ್ಲಿ 9ಎ0ಬಿ, 12ನೆಯದರಲ್ಲಿ 467ಎಫ್. ಅದನ್ನು ಆರಿಸಿ ಮುಂದೆ ಹೋದ ಕ್ಷಣದಲ್ಲೇ, ಸತ್ತಿದೆ ಎನ್ನಲಾದ ಎಸ್‌ಎಸ್‌ಡಿ ತನ್ನೆಲ್ಲ ಪಾರ್ಟಿಶನ್‌ಗಳ ಸಮೇತ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ಕೊಟ್ಟ ಡ್ರೈವರ್ ಹೊಸ ವಿಂಡೋಸ್‌ನ ಒಳಕ್ಕೂ ಸೇರಿಕೊಳ್ಳುವುದರಿಂದ ಮೊದಲ ಬೂಟ್‌ಗೆ ಬೇರೇನೂ ಮಾಡಬೇಕಿಲ್ಲ.

ಇಷ್ಟೆಲ್ಲ ಯಾಕೆ, ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡಿಬಿಟ್ಟರಾಯಿತಲ್ಲ ಎಂದು ಜೊತೆಯ ಹುಡುಗರು ಕೇಳುತ್ತಾರೆ. ಆಗುತ್ತದೆ, ಮತ್ತು ಅನೇಕ ಸಲ ಅದೇ ಬೇಗ. ಏಸರ್‌ನ ಹಲವು ಮಾದರಿಗಳಲ್ಲಿ ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಕೀ ಒತ್ತಿದ ಮೇಲಷ್ಟೇ ಆ ಆಯ್ಕೆ ಹೊರಬರುತ್ತದೆ. ಏಸಸ್‌ನಲ್ಲಿ ಎಫ್7 ಒತ್ತಿ ಅಡ್ವಾನ್ಸ್ಡ್ ಮೋಡ್‌ಗೆ ಹೋಗಬೇಕು. ಕೆಲವು ಯಂತ್ರಗಳ ಬಯೋಸ್‌ನಲ್ಲಿ ಅದು ಇರುವುದೇ ಇಲ್ಲ. ಒಂದೇ ಎಸ್‌ಎಸ್‌ಡಿ ಇದ್ದು, ಉಳಿಸಬೇಕಾದ ಫೈಲುಗಳಿಲ್ಲದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದಾದರೆ ಈ ದಾರಿಗೆ ನನ್ನ ತಕರಾರಿಲ್ಲ. ಅಂಥ ಲ್ಯಾಪ್‌ಟಾಪಿಗೆ ವಿಎಂಡಿಯಿಂದ ಹೇಳಿಕೊಳ್ಳುವಂಥ ಲಾಭವೂ ಇಲ್ಲ.

ಹಳೆಯ ವಿಂಡೋಸ್ ಇನ್ನೂ ಅದರಲ್ಲಿದ್ದು, ಅದನ್ನು ಉಳಿಸಿಕೊಳ್ಳಬೇಕಾದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ವಿಎಂಡಿ ಚಾಲೂ ಇದ್ದಾಗ ಹಾಕಿದ ವಿಂಡೋಸ್, ಅದನ್ನು ಆಫ್ ಮಾಡಿದೊಡನೆ ತನ್ನ ಬೂಟ್ ಡಿಸ್ಕನ್ನು ಕಳೆದುಕೊಂಡು, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆಗೆ ಬೀಳುತ್ತದೆ. ಗಾಬರಿಯಾಗಿ ರಿಪೇರಿ, ರೀಸೆಟ್ ಎಂದೆಲ್ಲ ಒತ್ತುವ ಬದಲು ವಿಎಂಡಿಯನ್ನು ಮತ್ತೆ ಚಾಲೂ ಮಾಡಿದರೆ ಸಾಮಾನ್ಯವಾಗಿ ಮೊದಲಿನಂತೆಯೇ ಏಳುತ್ತದೆ. ನಿಜವಾಗಿಯೂ ಬದಲಿಸಬೇಕೆಂದಿದ್ದರೆ, ಮುಂದಿನ ಬೂಟ್ ಸೇಫ್ ಮೋಡ್‌ನಲ್ಲಾಗುವಂತೆ ವಿಂಡೋಸ್‌ನಲ್ಲಿ ಮೊದಲೇ ಹೊಂದಿಸಿ, ಆಮೇಲೆ ಬಯೋಸ್‌ನಲ್ಲಿ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಬಳಿಕ ಆ ಹೊಂದಿಕೆಯನ್ನು ತೆಗೆದರೆ, ವಿಂಡೋಸ್ ತನ್ನದೇ ಎನ್‌ವಿಎಂಇ ಡ್ರೈವರ್‌ಗೆ ಹೊರಳಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬಿಟ್‌ಲಾಕರ್, ಅಂದರೆ ಡಿಸ್ಕಿನ ಡೇಟಾಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಶನ್ ವ್ಯವಸ್ಥೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಅದರ ರೂಪ ತಾನಾಗಿ ಚಾಲೂ ಆಗಿರುವುದು ಸಾಮಾನ್ಯ, ಮತ್ತು ಬಹುತೇಕ ಗ್ರಾಹಕರಿಗೆ ಅದು ಗೊತ್ತಿರುವುದಿಲ್ಲ. ಬಯೋಸ್‌ನಲ್ಲಿ ಇಂಥ ಬದಲಾವಣೆ ಮಾಡಿದಾಗ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಗ್ರಾಹಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕಾಲೇಜು ಅಥವಾ ಕಂಪನಿಯ ಖಾತೆಯಾದರೆ ಅಲ್ಲಿನ ಐಟಿ ವಿಭಾಗದವರನ್ನು ಕೇಳಬೇಕಾಗುತ್ತದೆ. ಆದ ಕಾರಣ ಫೋಟೋ, ಟ್ಯಾಲಿ ಡೇಟಾ, ಪ್ರಾಜೆಕ್ಟ್ ರಿಪೋರ್ಟ್ ಏನೇ ಉಳಿಸಬೇಕಿದ್ದರೂ ನಾನು ಕೀ ಕೈಗೆ ಬರುವವರೆಗೆ ಬಯೋಸ್‌ನ ಯಾವ ಆಯ್ಕೆಯನ್ನೂ ಮುಟ್ಟುವುದಿಲ್ಲ, ಡ್ರೈವರ್ ಲೋಡ್ ಮಾಡುವ ದಾರಿಯನ್ನೇ ಹಿಡಿಯುತ್ತೇನೆ.

ಸ್ವಲ್ಪ ಹಳೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಇಂಟೆಲ್ ಆಪ್ಟೇನ್ ಮೆಮೊರಿ ಎಚ್10 ಎಂಬ ಕಾರ್ಡ್ 2019ರಲ್ಲಿ ಬಂತು. ನೋಡಲು ಅದು ಒಂದೇ ಎಸ್‌ಎಸ್‌ಡಿಯಾದರೂ ಒಳಗೆ ಸಣ್ಣ ಆಪ್ಟೇನ್ ಭಾಗ ಮತ್ತು ದೊಡ್ಡ ಫ್ಲಾಶ್ ಭಾಗ ಬೇರೆ ಬೇರೆ ಇದ್ದು, ಎರಡನ್ನೂ ಜೋಡಿಸಿ ಒಂದಾಗಿ ತೋರಿಸುವುದು ಇದೇ ರ‍್ಯಾಪಿಡ್ ಸ್ಟೋರೇಜ್ ತಂತ್ರಾಂಶ. ಸೆಟಪ್‌ನಲ್ಲಿ ಒಂದು ದೊಡ್ಡ ಡಿಸ್ಕಿನ ಜೊತೆಗೆ ಗೊತ್ತಿಲ್ಲದ ಒಂದು ಪುಟ್ಟ ಡಿಸ್ಕ್ ಕಂಡರೆ, ಅದನ್ನು ಅಳಿಸುವ ಮೊದಲು ಕಾರ್ಡಿನ ಮೇಲಿನ ಹೆಸರು ಓದಬೇಕು. ಡೇಟಾ ಬೇಕಿದ್ದರೆ ಆ ಜೋಡಿಯನ್ನು ಮುರಿಯಬಾರದು.

ಒಂದೇ ಮಾದರಿಯ ಹಲವು ಯಂತ್ರಗಳು ಕಚೇರಿಯಿಂದ ಒಟ್ಟಿಗೆ ಬಂದಾಗ, ಪ್ರತಿಯೊಂದರಲ್ಲೂ ಲೋಡ್ ಡ್ರೈವರ್ ಒತ್ತುತ್ತಾ ಕೂರುವುದಕ್ಕಿಂತ, ಡಿಐಎಸ್‌ಎಂ ಎಂಬ ವಿಂಡೋಸ್‌ನ ಕಮಾಂಡ್ ಬಳಸಿ ಡ್ರೈವರನ್ನು ಪೆನ್‌ಡ್ರೈವ್‌ನ ಒಳಗಿನ ಬೂಟ್ ಮತ್ತು ಇನ್‌ಸ್ಟಾಲ್ ಎಂಬ ಎರಡೂ ವಿಮ್ ಫೈಲುಗಳಿಗೆ (ವಿಂಡೋಸ್‌ನ ಇಮೇಜ್‌ಗಳನ್ನು ಹಿಡಿದಿಡುವ ಫೈಲುಗಳು) ಸೇರಿಸಿಬಿಡುವುದು ಒಳ್ಳೆಯದು. ಬೂಟ್ ಫೈಲಿನಲ್ಲಿ ಎರಡು ಇಮೇಜ್‌ಗಳಿದ್ದು, ಸೆಟಪ್ ನಡೆಯುವುದು ಎರಡನೆಯದರಿಂದ; ಮೊದಲನೆಯದಕ್ಕೆ ಮಾತ್ರ ಸೇರಿಸಿದರೆ ಪಟ್ಟಿ ಮತ್ತೆ ಖಾಲಿಯಾಗಿಯೇ ಬರುತ್ತದೆ. ಆ ಪೆನ್‌ಡ್ರೈವ್‌ನಲ್ಲಿಯೇ ವೈಫೈ ಡ್ರೈವರ್ ಕೂಡ ಇರಲಿ, ಏಕೆಂದರೆ ಸ್ಟೋರೇಜ್ ತೊಂದರೆ ದಾಟಿದ ಮೇಲೆ ವಿಂಡೋಸ್ 11 ಇಂಟರ್ನೆಟ್ ಕೇಳುವ ಪರದೆಯಲ್ಲಿ ನಿಂತುಬಿಡುವುದು ಬಹಳ ಯಂತ್ರಗಳಲ್ಲಿ ಆಗುತ್ತದೆ.

ಯಂತ್ರವನ್ನು ವಾಪಸ್ ಕೊಡುವಾಗ ಜಾಬ್ ಕಾರ್ಡಿನಲ್ಲಿ ವಿಎಂಡಿ ಚಾಲೂ ಇದೆಯೇ ಇಲ್ಲವೇ ಎಂದು, ಹಾಕಿದ ಡ್ರೈವರ್‌ನ ಆವೃತ್ತಿಯ ಜೊತೆಗೆ ಬರೆದಿಡುತ್ತೇನೆ. ಬ್ಯಾಟರಿ ಪೂರ್ತಿ ಇಳಿದೋ, ಬಯೋಸ್ ಅಪ್‌ಡೇಟ್ ಆಗಿಯೋ ಸೆಟ್ಟಿಂಗ್‌ಗಳು ಕಾರ್ಖಾನೆಯ ಸ್ಥಿತಿಗೆ ಮರಳಿದರೆ, ನಾವು ಆಫ್ ಮಾಡಿದ್ದ ವಿಎಂಡಿ ತಾನಾಗಿ ಚಾಲೂ ಆಗಿ ಚೆನ್ನಾಗಿದ್ದ ವಿಂಡೋಸ್ ನೀಲಿ ಪರದೆ ತೋರಿಸಬಹುದು, ಆಗ ಫೋನಿನಲ್ಲೇ ಸರಿಪಡಿಸಲು ಆ ಒಂದು ಸಾಲು ಸಾಕಾಗುತ್ತದೆ.