ಆಟದ ಪೀರಿಯಡ್ ಬಂದರೆ ಹೊಟ್ಟೆನೋವು

ಏಳನೇ ತರಗತಿಯ ಆ ಹುಡುಗಿಯ ಹೊಟ್ಟೆನೋವಿಗೂ ಆಟದ ಪೀರಿಯಡ್‌ಗೂ ಏನೋ ಸಂಬಂಧ ಇದೆ ಅಂತ ಮೊದಲು ಗಮನಿಸಿದ್ದು ನಮ್ಮ ಶಾಲೆಯ ನರ್ಸ್. ಸಿಕ್ ರೂಮಿನ ರಿಜಿಸ್ಟರನ್ನೇ ತಂದು ನನ್ನ ಮುಂದೆ ಬಿಚ್ಚಿಟ್ಟರು. ವಾರ ವಾರವೂ ಅದೇ ಹೆಸರು, ಅದೇ ಮಂಗಳವಾರ, ಅದೇ ಹೊತ್ತು. "ನಾಟಕ ಬಿಡಿ ಮೇಡಂ, ಓಡೋಕೆ ಸೋಮಾರಿತನ" ಅಂದರು ಪಕ್ಕದಲ್ಲಿದ್ದವರು. ನನಗೆ ಹಾಗನ್ನಿಸಲಿಲ್ಲ. ಮಕ್ಕಳ ಆತಂಕ ಎಷ್ಟೋ ಸಲ ಹೊಟ್ಟೆನೋವು, ತಲೆನೋವಾಗಿಯೇ ಹೊರಗೆ ಬರುತ್ತದೆ, ಡಾಕ್ಟರ್ ನೋಡಿ ಏನೂ ತೊಂದರೆ ಇಲ್ಲ ಅಂದರೂ ನೋವು ಮಾತ್ರ ನಿಜವೇ ಅಲ್ವಾ?

ಕೇಳಿದರೆ "ಏನಿಲ್ಲ ಮಿಸ್" ಅಷ್ಟೇ. (ಎದುರಿಗೆ ಕೂರಿಸಿಕೊಂಡು ನಿನ್ನ ಕಷ್ಟ ಹೇಳು ಅಂದರೆ ದೊಡ್ಡವರೇ ಬಾಯಿ ಬಿಡಲ್ಲ.) ಮುಂದಿನ ಮಂಗಳವಾರ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ನಾನೂ ಸುಮ್ನೆ ಒಂದು ಪಕ್ಕ ನಿಂತೆ. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯತೊಡಗಿದರು. ಸಾಲು ಕರಗುತ್ತಾ ಬಂತು. ಅವಳು ಬಗ್ಗಿ, ಸರಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಕೊನೆಗೆ ಉಳಿದದ್ದು ಅವಳೊಬ್ಬಳೇ. "ನೀವೇ ಇಟ್ಕೊಳ್ಳಿ", "ಬೇಡಪ್ಪ, ನೀವೇ ಇಟ್ಕೊಳ್ಳಿ." ಬೈಗುಳ ಇಲ್ಲ, ತಳ್ಳಾಟ ಇಲ್ಲ, ಎಲ್ಲಾ ನಗುನಗುತ್ತಲೇ ನಡೆಯಿತು. ದೂರು ಕೊಡಲು ಅಲ್ಲಿ ಏನೂ ಇರಲಿಲ್ಲ.

ಪಿಟಿ ಸರ್ ಒಳ್ಳೆಯವರು, ಹೇಳಿದ ತಕ್ಷಣ ಚೀಟಿ ಎತ್ತಿ ತಂಡ ಮಾಡುವ ಪದ್ಧತಿ ತಂದರು. ಐದು ನಿಮಿಷದ ಕೆಲಸ. ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ಮಾನಸಿಕ ಆರೋಗ್ಯದ ಬಗ್ಗೆ ಮಾಡಿಸುವ ಭಾಷಣಗಳಿಗಿಂತ ಈ ಚೀಟಿಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಆದರೆ ತರಗತಿಯೊಳಗೆ ಹೇಗಿದೆ? ಮನೋವೈದ್ಯ ಜೇಕಬ್ ಮೊರೆನೊ 1930ರ ದಶಕದಲ್ಲಿ ರೂಪಿಸಿದ ಸೋಶಿಯೋಗ್ರಾಮ್ ಅನ್ನುವ ವಿಧಾನ ನೆನಪಾಯಿತು. ಪ್ರಾಜೆಕ್ಟ್‌ಗೆ ಯಾರ ಜೊತೆ ಕೂರಲು ಇಷ್ಟ, ಎರಡು ಹೆಸರು ಬರೆದು ಮಡಚಿ ಕೊಡಿ ಅಂದೆ. ಯಾರು ಬೇಡ ಅಂತ ಮಾತ್ರ ಕೇಳಲಿಲ್ಲ, ಕೇಳಲೂಬಾರದು. ಮನೆಗೆ ಬಂದು ಹಾಳೆಯ ಮೇಲೆ ಹೆಸರಿಂದ ಹೆಸರಿಗೆ ಬಾಣ ಎಳೆಯುತ್ತಾ ಹೋದೆ. ಅವಳ ಕಡೆಗೆ ಒಂದೂ ಬಾಣ ಬರಲಿಲ್ಲ, ಅದು ಗೊತ್ತಿದ್ದದ್ದೇ. ಇನ್ನೊಂದು ಹೆಸರಿಗೂ ಬರಲಿಲ್ಲ: ಮಾನಿಟರ್. ಫಸ್ಟ್ ಬರುವ ಹುಡುಗ, ಎಲ್ಲಾ ಟೀಚರ್‌ಗಳ ಮುದ್ದು. ಅವನ ಬಗ್ಗೆ ಸ್ಟಾಫ್ ರೂಮಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿದ್ದೇ ಇಲ್ಲ. ಮಾತಾಡಿದವರ ಹೆಸರು ಬರೆದುಕೊಳ್ಳುವ ಕೆಲಸ ಕೊಟ್ಟು ಅವನನ್ನು ಒಂಟಿ ಮಾಡಿದ್ದು ನಮ್ಮ ಪದ್ಧತಿಯೇ ಇರಬೇಕು.

ಆ ಕೆಲಸ ಈಗ ವಾರಕ್ಕೊಬ್ಬರಿಗೆ. ಪಾಠಕ್ಕೆ ಜಿಗ್‌ಸಾ ವಿಧಾನ ಹಿಡಿದೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಬಿಳಿಯ, ಕಪ್ಪು ಮಕ್ಕಳು ಒಂದೇ ತರಗತಿಗೆ ಬಂದು ಜಗಳ ಹೆಚ್ಚಾದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ರೂಪಿಸಿದ್ದು. ಪಾಠವನ್ನು ತುಂಡು ಮಾಡಿ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವುದು. ಆ ಹುಡುಗಿ ತನ್ನ ಭಾಗ ಹೇಳಿಕೊಡದೆ ಉಳಿದವರಿಗೆ ಪಾಠ ಪೂರ್ತಿಯಾಗಲ್ಲ. ಮೊದಲ ದಿನ ಅವಳ ದನಿಯೇ ಕೇಳುತ್ತಿರಲಿಲ್ಲ, "ಸ್ವಲ್ಪ ಜೋರಾಗಿ ಹೇಳೇ, ಬರ್ಕೋಬೇಕು" ಅಂತ ಪಕ್ಕದವಳು ರೇಗಿದಳು. ಆ ರೇಗಾಟ ಕೇಳಿ ನನಗೆ ಖುಷಿಯಾಯಿತು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಆದರೆ ರಿಜಿಸ್ಟರ್‌ನಲ್ಲಿ ಅವಳ ಹೆಸರು ಅಪರೂಪ. ಮಾನಿಟರ್ ಹುಡುಗನ ವಿಷಯ ನಿಧಾನ. ಕೌನ್ಸೆಲರ್ ಜೊತೆ ಮಾತಾಡುತ್ತಿದ್ದಾನೆ, ಏನು ಮಾತು ಅಂತ ನಾನು ಕೇಳಿಲ್ಲ. ಬಾಣದ ಹಾಳೆ ಮಾತ್ರ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಮನೆಯಲ್ಲೇ ಇಟ್ಟಿದ್ದೇನೆ, ಮುಂದಿನ ಟರ್ಮ್‌ನಲ್ಲಿ ಇನ್ನೊಂದು ಬರೆಸಬೇಕು.